ಸ್ಪೀಕರ್ ಎಲ್ಲಿಡೋದು, ಕಾರು ಹೆಂಗೆ ಚಾರ್ಜ್ ಮಾಡೋದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೇಲಿ ಹಾಡು ಕೇಳೋ ಸಾಮಾನಿನ ಬಗ್ಗೆ, ಇಲ್ಲಾಂದ್ರೆ ದಿನಾ ಓಡಿಸೋ ಎಲೆಕ್ಟ್ರಿಕ್ ಕಾರಿನ ಬಗ್ಗೆ. ಕೆಲವರು ಒಂದೇ ಪತ್ರದಲ್ಲಿ ಎರಡನ್ನೂ ಕೇಳಿದಾರೆ. ಅದಕ್ಕೆ ಬೇರೆ ಬೇರೆ ಮಾಡದೆ ಬಂದ ಹಾಗೇ ಬೆರೆಸಿ ಉತ್ತರ ಬರೀತಾ ಇದೀನಿ.

ಪ್ರಶ್ನೆ: ಸರ್, ನನ್ನ ಹತ್ರ 40 ವ್ಯಾಟಿನ ಸ್ಟೀರಿಯೋ ಆಂಪ್ಲಿಫೈಯರ್ ಇದೆ. 80 ವ್ಯಾಟಿಂದು ತಗೊಂಡ್ರೆ ಸೌಂಡು ಡಬಲ್ ಆಗತ್ತಾ? ಸ್ಪೀಕರ್ ಹಿಂದೆ 85 ಡಿಬಿ ಅಂತ ಬರೆದಿದೆ, ಅದೇನು ಅಂತಾನೂ ಹೇಳಿ.

ಉತ್ತರ: ಆಗಲ್ಲ. ವ್ಯಾಟ್ ಎರಡು ಪಟ್ಟಾದ್ರೆ ಸೌಂಡ್ ಏರೋದು 3 ಡಿಬಿ (ಡೆಸಿಬಲ್, ಸೌಂಡಿನ ಜೋರು ಅಳೆಯೋ ಮಾನ) ಅಷ್ಟೆ, ಕೂತು ಗಮನ ಇಟ್ಟು ಕೇಳಿದ್ರೆ ಹೌದು ಸ್ವಲ್ಪ ಜಾಸ್ತಿ ಆಯ್ತು ಅನ್ನೋ ಮಟ್ಟಕ್ಕೆ ಗೊತ್ತಾಗತ್ತೆ. ಕಿವಿಗೆ ಡಬಲ್ ಅನ್ನಿಸ್ಬೇಕು ಅಂದ್ರೆ ಹತ್ತತ್ರ 10 ಡಿಬಿ ಬೇಕು, ಅದಕ್ಕೆ ಪವರ್ ಹತ್ತು ಪಟ್ಟಾಗ್ಬೇಕು, ಅಂದ್ರೆ ನಿಮ್ಮ 40 ವ್ಯಾಟಿನ ಜಾಗದಲ್ಲಿ 400 ವ್ಯಾಟ್.

85 ಡಿಬಿ ಅಂದ್ರೆ ಸ್ಪೀಕರಿಗೆ 1 ವ್ಯಾಟ್ ಕೊಟ್ಟು ಎದುರಿಗೆ 1 ಮೀಟರ್ ದೂರದಲ್ಲಿ ಅಳೆದಾಗ ಬರೋ ಸೌಂಡು. ಬರೀ 1 ವ್ಯಾಟಿಗೇ 85 ಅಂದ್ರೆ ಅದು ಈಗಾಗ್ಲೇ ಜೋರೇ. ನೀವು ಎರಡೂವರೆ ಮೂರು ಮೀಟರ್ ಹಿಂದೆ ಕೂತು ಮಾಮೂಲಾಗಿ ಕೇಳೋವಾಗ ಆಂಪ್ಲಿಫೈಯರ್ ಸ್ಪೀಕರಿಗೆ ಕಳಿಸ್ತಾ ಇರೋದು ಒಂದು ವ್ಯಾಟಿನ ಆಸುಪಾಸು, ಎಷ್ಟೋ ಸಲ ಅದಕ್ಕಿಂತ ಕಮ್ಮಿ. ಉಳಿದ ವ್ಯಾಟ್ ಯಾಕೆ ಬೇಕು ಅಂದ್ರೆ ಮೃದಂಗದ ಒಂದು ಗಟ್ಟಿ ಪೆಟ್ಟು, ಡ್ರಮ್ಮಿನ ಒಂದು ಏಟು ಬಂದಾಗ ಆ ಕ್ಷಣಕ್ಕೆ ಸರಾಸರಿಗಿಂತ 10, 15 ಡಿಬಿ ಮೇಲೆ ಹಾರತ್ತಲ್ಲ, ಅದನ್ನ ಕತ್ತರಿಸದೆ ಹಾಗೇ ದಾಟಿಸೋಕೆ. 40 ವ್ಯಾಟ್ ಅಂದ್ರೆ 1 ವ್ಯಾಟಿಗಿಂತ 16 ಡಿಬಿ ಮೇಲೆ, ಒಂದು ಸಾಧಾರಣ ರೂಮಿಗೆ ಅದು ಸಾಕು. ಜೋರು ಮಾಡಿದಾಗ ಪೆಟ್ಟುಗಳು ಚಪ್ಪಟೆಯಾಗಿ ಒರಟಾಗಿ ಕೇಳ್ತಾ ಇದ್ರೆ ಮಾತ್ರ ಪವರ್ ಬಗ್ಗೆ ಯೋಚನೆ ಮಾಡಿ.

ನಿಮಗೆ ನಿಜವಾಗ್ಲೂ ಜೋರು ಬೇಕು ಅಂದ್ರೆ ಸ್ಪೀಕರ್ ಬದಲಾಯಿಸಿ. 91 ಡಿಬಿ ಸ್ಪೀಕರ್ ತಂದ್ರೆ ನಿಮ್ಮ ಹಳೇ 40 ವ್ಯಾಟೇ ಈಗಿನ ಸ್ಪೀಕರಿಗೆ 160 ವ್ಯಾಟ್ ಕೊಟ್ಟಷ್ಟು ಸೌಂಡ್ ಮಾಡತ್ತೆ, ಯಾಕಂದ್ರೆ 6 ಡಿಬಿ ಅಂದ್ರೆ ನಾಲ್ಕು ಪಟ್ಟು ಪವರ್. ಆದ್ರೆ ಓಮ್ ಎಷ್ಟು ಅಂತ ಮರೀದೆ ನೋಡಿ, 4 ಓಮ್ ಸ್ಪೀಕರ್ ಆದ್ರೆ ಆಂಪ್ಲಿಫೈಯರ್ ಜಾಸ್ತಿ ಕರೆಂಟ್ ಕೊಡ್ಬೇಕಾಗತ್ತೆ, ಎಲ್ಲಾ ಆಂಪ್ಲಿಫೈಯರೂ ಅದನ್ನ ತಡ್ಕೊಳಲ್ಲ. ಇನ್ನೊಂದು ಮಾತು, ಕೇಳದೇ ಇದ್ರೂ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ ಕೇಳೋಕೆ 80 ಡಿಬಿ ಮಿತಿ ಅಂತ ಹೇಳತ್ತೆ, ಅಲ್ಲಿಂದ ಮೇಲೆ ಪ್ರತಿ 3 ಡಿಬಿಗೂ ಸಮಯ ಅರ್ಧ ಆಗ್ತಾ ಹೋಗತ್ತೆ, 90 ಡಿಬಿಗೆ ಬರೋಷ್ಟರಲ್ಲಿ ವಾರಕ್ಕೆ 4 ಗಂಟೆ. ಕಿವಿ ಹೋದ್ರೆ ಯಾವ ಆಂಪ್ಲಿಫೈಯರೂ ವಾಪಸ್ ತಂದುಕೊಡಲ್ಲ, ದಯವಿಟ್ಟು ಹುಷಾರು.

ಪ್ರಶ್ನೆ: ನಮ್ಮ ರೂಮು 4 ಮೀಟರ್ ಉದ್ದ 3 ಮೀಟರ್ ಅಗಲ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ಕೆಲವು ಹಾಡಲ್ಲಿ ಬೇಸ್ ಗುಂಯ್ ಅಂತ ಉಳ್ಕೊಂಡುಬಿಡತ್ತೆ, ರೂಮಿನ ಮಧ್ಯೆ ನಿಂತ್ರೆ ಅದೇ ಹಾಡಲ್ಲಿ ಬೇಸೇ ಇಲ್ಲ. ಸ್ಪೀಕರ್ ಕೆಟ್ಟಿದ್ಯಾ, ಇಲ್ಲಾ ಬೇಸಿಗೆ ಅಂತಲೇ ಇರೋ ಸ್ಪೀಕರ್, ಅಂದ್ರೆ ಸಬ್‌ವೂಫರ್ ಹಾಕಿದ್ರೆ ಸರಿಹೋಗತ್ತಾ?

ಉತ್ತರ: ಸ್ಪೀಕರ್ ಚೆನ್ನಾಗೇ ಇದೆ, ಆಟ ಆಡ್ತಾ ಇರೋದು ನಿಮ್ಮ ರೂಮು. ನನ್ನನ್ನ ಕೇಳಿದ್ರೆ ಮನೆ ಆಡಿಯೋದಲ್ಲಿ ಜನ ಅತಿ ಹೆಚ್ಚು ದುಡ್ಡು ಸುರಿಯೋದು ಡಬ್ಬಗಳಿಗೆ, ಅತಿ ಕಮ್ಮಿ ಯೋಚನೆ ಮಾಡೋದು ರೂಮಿನ ಬಗ್ಗೆ, ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ.

ಶಬ್ದ ಗಾಳೀಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ. 4 ಮೀಟರ್ ದೂರದ ಎರಡು ಗೋಡೆ ಮಧ್ಯೆ ಹೋಗಿ ಬಂದು ತನ್ನ ಮೇಲೆ ತಾನೇ ಸೇರಿಕೊಳ್ಳೋ ಮೊದಲ ಸ್ವರ 343ನ್ನ 8ರಿಂದ ಭಾಗಿಸಿದ್ರೆ ಸಿಗತ್ತೆ, ಸುಮಾರು 43 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 43 ಸಲ ಕಂಪಿಸೋ ಸ್ವರ. ಅದರ ಎರಡರಷ್ಟು 86ರಲ್ಲೂ ಹಿಂಗೇ ಆಗತ್ತೆ. ನಿಮ್ಮ 3 ಮೀಟರ್ ಕಡೆಗೆ ಅದು 57. ಈ ಸ್ವರಗಳು ಬಂದಾಗ ಗೋಡೆ ಹತ್ರ ಒತ್ತಡ ಗರಿಷ್ಠ, 43 ಹರ್ಟ್ಸಿಗೆ ರೂಮಿನ ನಟ್ಟನಡುವೆ ಹತ್ತತ್ರ ಸೊನ್ನೆ. ನೀವು ಗೋಡೆಗೆ ಒರಗಿ ಕೂತಾಗ ಗುಂಯ್ ಅನ್ನೋದು, ಮಧ್ಯೆ ನಿಂತಾಗ ಬೇಸ್ ಮಾಯ ಆಗೋದು, ಎರಡೂ ಒಂದೇ ಕಾರಣಕ್ಕೆ. ಉದ್ದ ಅಗಲ ಎರಡೂ ಒಂದೇ ಇರೋ ಚೌಕದ ರೂಮಾಗಿದ್ರೆ ಎರಡು ಕಡೆಯದೂ ಒಂದೇ ಸ್ವರಕ್ಕೆ ಬಿದ್ದು ಇನ್ನೂ ಕಷ್ಟ ಇರ್ತಿತ್ತು, ಆ ಲೆಕ್ಕದಲ್ಲಿ ನಿಮ್ಮ ರೂಮು ವಾಸಿ.

ಮೊದಲು ಸೋಫಾನ ಗೋಡೆಯಿಂದ ಮುಂದಕ್ಕೆ ತನ್ನಿ, ಆಗೋಷ್ಟು ಸಾಕು, ಅರ್ಧ ಮೀಟರ್ ತಂದ್ರೂ ವ್ಯತ್ಯಾಸ ಕೇಳತ್ತೆ. ಆಮೇಲೆ ಫೋನಲ್ಲಿ ಒಂದು ಟೋನ್ ಜನರೇಟರ್ ಆಪ್ ಹಾಕ್ಕೊಂಡು ಆಂಪ್ಲಿಫೈಯರಿಗೆ ಸೇರಿಸಿ 43 ಹರ್ಟ್ಸ್ ಕಮ್ಮಿ ವಾಲ್ಯೂಮಲ್ಲಿ ಬಿಟ್ಟು ರೂಮಲ್ಲಿ ನಿಧಾನಕ್ಕೆ ಹೆಜ್ಜೆ ಹಾಕಿ (ನಿಮ್ಮ ಸ್ಪೀಕರ್ ಅಷ್ಟು ಕೆಳಗೆ ಹೋಗದೇ ಇದ್ರೆ 57 ಅಥ್ವಾ 86 ಬಿಡಿ). ಒಂದು ಕಡೆ ಕಿವಿ ಅದುಮಿದ ಹಾಗೆ ಆಗತ್ತೆ, ಎರಡು ಹೆಜ್ಜೆ ಮುಂದೆ ಹೋದ್ರೆ ಆಫ್ ಆಯ್ತೇನೋ ಅನ್ನೋಷ್ಟು ಸದ್ದಿಲ್ಲ, ಮತ್ತೆ ಎರಡು ಹೆಜ್ಜೆಗೆ ವಾಪಸ್ ಬರತ್ತೆ. ಇದನ್ನ ಒಂದು ಸಲ ಮಾಡಿ ನೋಡಿದವರು ಆಮೇಲೆ ಸ್ಪೀಕರ್ ಕೊಳ್ಳೋ ರೀತೀನೇ ಬದಲಾಗತ್ತೆ. ಹಿಂದಿನ ಗೋಡೇನೂ ಬೇಡ, ನಟ್ಟನಡುವೇನೂ ಬೇಡ, ಇವೆರಡರ ಮಧ್ಯೆ ಎಲ್ಲಾದ್ರೂ ಕೂತ್ಕೊಳಿ.

ಸ್ಪೀಕರ್‌ಗಳನ್ನೂ ಮೂಲೆಯಿಂದ ಎಳೀರಿ, ಮೂಲೇಲಿ ಇಟ್ರೆ ಬೇಸ್ ಉಬ್ಬತ್ತೆ. ಹಿಂದೆ ತೂತು ಇರೋ ಸ್ಪೀಕರ್ ಆದ್ರೆ ಗೋಡೆಯಿಂದ ಇನ್ನೂ ಜಾಗ ಕೊಡಿ, ಜಾಗ ಇಲ್ಲ ಅಂದ್ರೆ ಕಂಪನಿಯವರು ಕೊಟ್ಟಿರೋ ಫೋಮ್ ಬಿರಡೆ ಆ ತೂತಿಗೆ ಹಾಕಿ. ಎರಡು ಸ್ಪೀಕರ್ ಮಧ್ಯದ ದೂರ ಮತ್ತು ಒಂದೊಂದ್ರಿಂದ ನಿಮ್ಮ ತಲೆಗೆ ಇರೋ ದೂರ ಹೆಚ್ಚುಕಮ್ಮಿ ಒಂದೇ ಇರ್ಲಿ, ತೆಳು ದನಿ ಕೊಡೋ ಮೇಲಿನ ಚಿಕ್ಕ ಟ್ವೀಟರ್ ಕಿವಿ ಎತ್ತರಕ್ಕೆ ಬರ್ಲಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋದು, ತೆಳು ಫೋಮ್ ಅಂಟಿಸೋದು ಈ ತೊಂದರೆಗೆ ಏನೂ ಮಾಡಲ್ಲ, 43 ಹರ್ಟ್ಸಿನ ಅಲೆ 8 ಮೀಟರ್ ಉದ್ದ ಇರತ್ತೆ, ಎರಡು ಇಂಚು ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಸಬ್‌ವೂಫರ್ ಬೇಕೇ ಅಂದ್ರೆ ಹಾಕಿ, ಆದ್ರೆ ಇದೆಲ್ಲ ಆದ್ಮೇಲೆ. ಅದನ್ನ ಮೊದಲು ನೀವು ಕೂರೋ ಜಾಗದಲ್ಲೇ ಇಟ್ಟು ಬೇಸ್ ಜಾಸ್ತಿ ಇರೋ ಹಾಡು ಹಾಕಿ, ಗೋಡೆ ಪಕ್ಕ ಬಗ್ಗಿ ನಡೀತಾ ಎಲ್ಲಿ ಬೇಸ್ ಸಮವಾಗಿ ಸ್ವಚ್ಛವಾಗಿ ಕೇಳತ್ತೋ ಅಲ್ಲಿಗೆ ಸಬ್‌ವೂಫರ್ ತಗೊಂಡೋಗಿ ಇಡಿ. ಈಕ್ವಲೈಸರಲ್ಲಿ ಉಬ್ಬಿದ್ದನ್ನ ಇಳಿಸ್ಬೋದು, ಖಾಲಿ ಇರೋ ಜಾಗ ತುಂಬ್ಸೋಕೆ ಹೋಗ್ಬೇಡಿ, ಎಷ್ಟು ಪವರ್ ಹಾಕಿದ್ರೂ ಅಲ್ಲಿ ಖಾಲೀನೇ.

ಪ್ರಶ್ನೆ: ಹೊಸ ಎಲೆಕ್ಟ್ರಿಕ್ ಕಾರು ತಗೊಂಡಿದೀವಿ. ಒಬ್ಬರು 80 ಪರ್ಸೆಂಟಿಗೆ ನಿಲ್ಸಿ ಅಂತಾರೆ, ಇನ್ನೊಬ್ಬರು 100 ಮಾಡ್ಲೇಬೇಕು ಅಂತಾರೆ. ಯಾರ ಮಾತು ಕೇಳ್ಲಿ ಮೇಡಂ ಅಥವಾ ಸರ್?

ಉತ್ತರ: ಇಬ್ಬರೂ ಸರಿ ಇರ್ಬೋದು, ಅವರವರ ಕಾರಲ್ಲಿ ಬೇರೆ ಬೇರೆ ಬ್ಯಾಟರಿ ಇದ್ರೆ. ಇವತ್ತು ಕಾರುಗಳಲ್ಲಿ ಮುಖ್ಯವಾಗಿ ಎರಡು ತರದ ಲಿಥಿಯಂ ಬ್ಯಾಟರಿ ಬರತ್ತೆ. ಒಂದು ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರೋ ಎನ್‌ಎಂಸಿ, ಇನ್ನೊಂದು ಕಬ್ಬಿಣ ಮತ್ತು ಫಾಸ್ಫೇಟ್ ಇರೋ ಎಲ್‌ಎಫ್‌ಪಿ. ಎನ್‌ಎಂಸಿ ಆದ್ರೆ ದಿನದ ಓಡಾಟಕ್ಕೆ 80ಕ್ಕೆ ನಿಲ್ಸೋದು ಒಳ್ಳೇದು, ತುಂಬಾ ಹೊತ್ತು ಪೂರ್ತಿ ಚಾರ್ಜಲ್ಲಿ ಅದೂ ಬಿಸಿಲಲ್ಲಿ ನಿಂತ್ರೆ ಅದರ ಆಯಸ್ಸು ಬೇಗ ಕಮ್ಮಿ ಆಗತ್ತೆ. ದೂರ ಹೋಗೋ ದಿನ 100 ಮಾಡಿ, ಏನೂ ಆಗಲ್ಲ, ಮಾಡಿ ಬೇಗ ಹೊರಡಿ ಅಷ್ಟೆ.

ಎಲ್‌ಎಫ್‌ಪಿ ಕಥೆ ಬೇರೆ. ಅದರ ಸೆಲ್ ವೋಲ್ಟೇಜು 3.2ರ ಆಸುಪಾಸಲ್ಲಿ ಬಹುದೂರದವರೆಗೆ ಹಾಗೇ ಇರತ್ತೆ, 70 ಪರ್ಸೆಂಟಲ್ಲೂ 40 ಪರ್ಸೆಂಟಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ, ಹಾಗಾಗಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕೋ ಕಂಪ್ಯೂಟರಿಗೆ ನಡುವೆ ಹಿಡಿತ ಸಿಗಲ್ಲ. ಪೂರ್ತಿ ತುಂಬಿದಾಗ ವೋಲ್ಟೇಜ್ ಸರ್ರನೆ ಏರತ್ತೆ, ಆಗ ಅದು ತನ್ನ ಲೆಕ್ಕ ಸರಿಮಾಡ್ಕೊಳತ್ತೆ. ಅದಕ್ಕೇ ಎಲ್‌ಎಫ್‌ಪಿ ಹಾಕೋ ಕೆಲವು ಕಂಪನಿಗಳು ವಾರಕ್ಕೊಂದು ಸಲ 100 ಮಾಡಿ ಅಂತ ಪುಸ್ತಕದಲ್ಲೇ ಬರೀತಾರೆ. ಅದು ಮಾಡದೆ ತಿಂಗಳುಗಟ್ಟಲೆ ಬಿಟ್ರೆ 12 ಪರ್ಸೆಂಟ್ ತೋರಿಸ್ತಾ ಇದ್ದದ್ದು ಇದ್ದಕ್ಕಿದ್ದ ಹಾಗೆ 4ಕ್ಕೆ ಬೀಳೋ ತರದ್ದು ಆಗ್ಬೋದು. ನಿಮ್ಮದು ಯಾವ ತರ ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರತ್ತೆ, ಅದರಲ್ಲಿ ಬರೆದಿದ್ದು ನಾನು ಹೇಳಿದ್ದಕ್ಕಿಂತ ಮೇಲು. ಪೂರ್ತಿ ತುಂಬಿದ ಕಾರನ್ನ ಓಡಿಸೋಕೆ ಶುರು ಮಾಡಿದಾಗ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಕಾರು ಮೊದಲಿನ ಹಾಗೆ ಹಿಡಿದು ನಿಲ್ಲಲ್ಲ, ಯಾಕಂದ್ರೆ ಬ್ರೇಕಿಂದ ವಾಪಸ್ ಬರೋ ಕರೆಂಟ್ ಹಾಕೋಕೆ ಬ್ಯಾಟರೀಲಿ ಜಾಗ ಇಲ್ಲ. ಕೆಲವು ಕಾರುಗಳು ಆಗ ತಾವೇ ಬ್ರೇಕ್ ಹಿಡಿದು ಸರಿದೂಗಿಸ್ತಾವೆ. ನಿಮ್ಮದು ಹಂಗೆ ಮಾಡದೆ ಇದ್ರೆ ಮೊದಲ ಒಂದೆರಡು ಸಿಗ್ನಲ್ಲಿಗೆ ಬ್ರೇಕ್ ಪೆಡಲ್ ಮೇಲೆ ಕಾಲು ರೆಡಿ ಇಟ್ಕೊಳಿ.

ಪ್ರಶ್ನೆ: ಗ್ರಾಮಫೋನ್ ರೆಕಾರ್ಡ್ ಪ್ಲೇಯರ್ ತಂದು ಆಂಪ್ಲಿಫೈಯರಿನ ಆಕ್ಸ್‌ಗೆ ಕೊಟ್ರೆ ಸೌಂಡೇ ಬರಲ್ಲ, ಕಿವಿ ಇಟ್ಟು ಕೇಳಿದ್ರೆ ಕೀರಲು ದನಿ.

ಉತ್ತರ: ಫೋನೋ ಸ್ಟೇಜ್ ಬೇಕು. ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳು ಕೂತಿರೋ ಭಾಗ) ಕೊಡೋದು ಸುಮಾರು 5 ಮಿಲಿವೋಲ್ಟ್, ಅದನ್ನ ನೂರು ಪಟ್ಟು ಹತ್ರ ಹೆಚ್ಚಿಸ್ಬೇಕು. ಅದರ ಮೇಲೆ ರೆಕಾರ್ಡ್ ಕೊರೆಯೋವಾಗ್ಲೇ ಬೇಸ್ ಇಳಿಸಿ ಟ್ರೆಬಲ್ ಏರಿಸಿರ್ತಾರೆ, ರಿಯಾ ಅನ್ನೋ ಆ ಅಳತೆ 1954ರಿಂದ ಬಂದಿದ್ದು, ಕೇಳೋವಾಗ ಅದನ್ನ ಉಲ್ಟಾ ಮಾಡ್ಬೇಕು. ಎರಡೂ ಕೆಲಸ ಫೋನೋ ಸ್ಟೇಜೇ ಮಾಡತ್ತೆ. ಪ್ಲೇಯರ್ ಹಿಂದೆ ಅಥವಾ ಅಡಿಯಲ್ಲಿ ಫೋನೋ, ಲೈನ್ ಅಂತ ಸ್ವಿಚ್ ಇದ್ಯಾ ಮೊದಲು ನೋಡಿ, ಇದ್ರೆ ಲೈನ್‌ಗೆ ಹಾಕಿ, ಹೊಸದು ಏನೂ ಕೊಳ್ಬೇಕಾಗಿಲ್ಲ. ಸಣ್ಣ ಅರ್ಥ್ ವೈರ್ ಒಂದು ನೇತಾಡ್ತಾ ಇದ್ರೆ ಅದನ್ನ ಆಂಪ್ಲಿಫೈಯರಿನ ಸ್ಕ್ರೂಗೆ ಬಿಗೀರಿ, ಇಲ್ಲಾಂದ್ರೆ ಹಮ್ ಬರತ್ತೆ.

ಪ್ರಶ್ನೆ: ಮನೇಲಿ ಗೋಡೆ ಚಾರ್ಜರ್ ಹಾಕ್ಸೋಕೆ ಆಗಲ್ಲ, ಬಾಡಿಗೆ ಮನೆ. ಮಾಮೂಲಿ ಸಾಕೆಟಿಂದ ಕಾರು ಚಾರ್ಜ್ ಮಾಡಿದ್ರೆ ಸಾಕಾಗತ್ತಾ? ದಿನಕ್ಕೆ 50 ಕಿಲೋಮೀಟರ್ ಓಡಾಟ.

ಉತ್ತರ: ಧಾರಾಳವಾಗಿ ಸಾಕಾಗತ್ತೆ. 230 ವೋಲ್ಟ್ 10 ಆಂಪಿಯರ್ ಅಂದ್ರೆ 2.3 ಕಿಲೋವ್ಯಾಟ್, ರಾತ್ರಿ 9 ಗಂಟೆ ಹಾಕಿದ್ರೆ 20 ಯೂನಿಟ್ ಆಚೀಚೆ ಎಳಿಯತ್ತೆ, ಅದರಲ್ಲಿ ಹತ್ತು ಹದಿನೈದು ಪರ್ಸೆಂಟ್ ಶಾಖವಾಗಿ ದಾರೀಲಿ ಹೋದ್ರೂ 17, 18 ಯೂನಿಟ್ ಬ್ಯಾಟರಿಗೆ ಸೇರತ್ತೆ. 100 ಕಿಲೋಮೀಟರಿಗೆ 15 ಯೂನಿಟ್ ತಿನ್ನೋ ಸಾಧಾರಣ ಕಾರಿಗೆ ಅದು 110 ಕಿಲೋಮೀಟರಿಗಿಂತ ಜಾಸ್ತಿ. ನಿಮಗೆ ಬೇಕಾಗಿರೋದು 50. ದೊಡ್ಡ ಚಾರ್ಜರ್ ಇಲ್ಲ ಅಂತ ಎಲೆಕ್ಟ್ರಿಕ್ ಕಾರು ಬೇಡ ಅನ್ನೋರು ಈ ಲೆಕ್ಕ ಒಂದ್ಸಲ ಹಾಕಿ ನೋಡ್ಲಿ ಅಂತ ನನ್ನ ಆಸೆ.

ಆದ್ರೆ ಸಾಕೆಟ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮನೆ ಸಾಕೆಟ್ಟಲ್ಲಿ ಬೇರೆ ಯಾವ ಸಾಮಾನೂ ಒಂದೇ ಸಮ ಒಂಬತ್ತು ಗಂಟೆ ಪೂರ್ತಿ ಕರೆಂಟ್ ಎಳಿಯಲ್ಲ. ಇಸ್ತ್ರಿ ಪೆಟ್ಟಿಗೆ ಆನ್ ಆಗಿ ಆಫ್ ಆಗತ್ತೆ, ಗೀಸರ್ ಅರ್ಧ ಗಂಟೆ. ಸಾಕೆಟ್ ಒಳಗಿನ ಹಿತ್ತಾಳೆ ತುಂಡು ಸಡಿಲ ಆಗಿ ಅಲ್ಲಿ 0.1 ಓಮ್ ತಡೆ ಬಂತು ಅಂದ್ಕೊಳಿ, 10 ಆಂಪಿಯರಿಗೆ ಅಲ್ಲಿ 10 ವ್ಯಾಟ್ ಶಾಖ, 16 ಆಂಪಿಯರಿಗೆ 25 ವ್ಯಾಟಿಗೂ ಮೇಲೆ. ಬೆರಳುಗಾತ್ರದ ಜಾಗದಲ್ಲಿ ಅಷ್ಟು ಶಾಖ ರಾತ್ರಿಯೆಲ್ಲ ಕೂತ್ರೆ ಪ್ಲಾಸ್ಟಿಕ್ ಮೊದಲು ಹಳದಿ ತಿರುಗತ್ತೆ, ಆಮೇಲೆ ಪಿನ್ನಿನ ಸುತ್ತ ಕಂದು ಕಲೆ, ಆಮೇಲೆ ಸುಟ್ಟ ಮೀನಿನ ತರ ಒಂದು ವಾಸನೆ. ಆ ವಾಸನೆ ಬಂದ್ರೆ ಒಂದು ಕ್ಷಣಾನೂ ಕಾಯದೆ ಮೇನ್ ಆಫ್ ಮಾಡಿ.

ಎಲೆಕ್ಟ್ರಿಷಿಯನ್ ಕರೆಸಿ ಆ ಸಾಕೆಟಿಗೆ ಬೋರ್ಡಿಂದ ಬೇರೆಯೇ ವೈರ್, ಬೇರೆಯೇ ಬ್ರೇಕರ್, ಜೊತೆಗೆ ಸೋರಿಕೆ ಕರೆಂಟ್ ಕಂಡ್ರೆ ಕಟ್ ಮಾಡೋ ಬ್ರೇಕರ್ ಹಾಕ್ಸಿ, ಸಾಕೆಟ್ ಹೊಸದು ಗಟ್ಟಿಮುಟ್ಟಾದ್ದು ಹಾಕ್ಸಿ, ಓನರಿಗೂ ಹೇಳಿ, ಇದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ಮೊದಲ ದಿನ ಒಂದು ಗಂಟೆ ಚಾರ್ಜ್ ಮಾಡಿ, ಕಾರಲ್ಲಿ ಚಾರ್ಜಿಂಗ್ ನಿಲ್ಲಿಸಿ, ಸ್ವಿಚ್ ಆಫ್ ಮಾಡಿ ಪ್ಲಗ್ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಸರಿ, ಕೈ ಇಟ್ಕೊಳೋಕೆ ಆಗದಷ್ಟು ಬಿಸಿ ಇದ್ರೆ ಆ ಸಾಕೆಟ್ ಬೇಡ. ಕಾರಲ್ಲಿ ಆಂಪಿಯರ್ ಇಳಿಸೋ ಆಯ್ಕೆ ಇದ್ರೆ 8ಕ್ಕೆ ಇಳಿಸಿ, ನಿಮ್ಮ 50 ಕಿಲೋಮೀಟರಿಗೆ ಅದೂ ಸಾಕು. ಅರ್ಥಿಂಗ್ ಇಲ್ಲ ಅಂತ ಚಾರ್ಜರ್ ಕೆಂಪು ಲೈಟ್ ತೋರಿಸಿದ್ರೆ ಅದನ್ನ ಏಮಾರಿಸೋ ಅಡಾಪ್ಟರ್ ಹಾಕೋದು ಜೀವದ ಜೊತೆ ಆಟ, ಅರ್ಥಿಂಗೇ ಸರಿ ಮಾಡ್ಸಿ.

ಪ್ರಶ್ನೆ: ಹೈವೇಲಿ 120ರಲ್ಲಿ ಹೋದ್ರೆ ರೇಂಜ್ ಯಾಕೆ ಹಂಗೆ ಕರಗತ್ತೆ?

ಉತ್ತರ: ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರತ್ತೆ, 80ರಿಂದ 120ಕ್ಕೆ ಹೋದ್ರೆ 2.25 ಪಟ್ಟು. ಪೆಟ್ರೋಲ್ ಕಾರಿಗೂ ಇದೇ ತಡೆ ಇದೆ, ಆದ್ರೆ ಅದರ ಎಂಜಿನ್ ಮೊದಲೇ ಬಹುಪಾಲು ಇಂಧನನ ಶಾಖವಾಗಿ ಕಳ್ಕೊಂಡಿರತ್ತೆ, ಹಾಗಾಗಿ ಅಷ್ಟು ಎದ್ದು ಕಾಣಲ್ಲ. 95, 100ಕ್ಕೆ ಇಳಿಸಿ, ತಲುಪೋದು ತಡ ಆಗೋದಕ್ಕಿಂತ ಜಾಸ್ತಿ ಸಮಯ ಚಾರ್ಜಿಂಗಲ್ಲಿ ಉಳಿಯೋದು ಎಷ್ಟೋ ಸಲ ಇದೆ.

ಪ್ರಶ್ನೆ: ಎಲೆಕ್ಟ್ರಿಕ್ ಕಾರಲ್ಲಿ ಎಂಜಿನ್ ಸದ್ದಿಲ್ಲ, ಹಾಗಾದ್ರೆ ಮ್ಯೂಸಿಕ್ ಮನೆಗಿಂತ ಚೆನ್ನಾಗಿ ಕೇಳ್ಬೇಕಲ್ವಾ? ನನಗಂತೂ ಓಡಿಸೋವಾಗ ಬೇಸ್ ಕಮ್ಮಿ ಅನ್ನಿಸತ್ತೆ, ನಿಲ್ಸಿದಾಗ ಅದ್ಭುತ.

ಉತ್ತರ: ನಿಮ್ಮ ಕಿವಿ ಸರಿಯಾಗೇ ಹಿಡಿದಿದೆ. ಎಂಜಿನ್ ಹೋದ್ರೂ ಟೈರಿನ ಸದ್ದು ಉಳಿಯತ್ತೆ, ವೇಗ ಏರಿದ ಹಾಗೆ ಗಾಳಿ ಸದ್ದು ಸೇರತ್ತೆ, ಟೈರಿನ ಗುರ್ರ್ ಅನ್ನೋದರಲ್ಲಿ ಹೆಚ್ಚಿನದು ಕೆಳಗಿನ ಸ್ವರಗಳೇ, ಹಾಗಾಗಿ ಅದು ಮೊದಲು ನುಂಗೋದು ಬೇಸನ್ನ. ಅದಕ್ಕೇ ಕಾರಿನ ಸ್ಟೀರಿಯೋ ಮಾಡೋರು ಮನೇದಕ್ಕಿಂತ ಬೇಸ್ ಜಾಸ್ತಿ ಇಟ್ಟಿರ್ತಾರೆ, ಕೆಲವದರಲ್ಲಿ ವೇಗಕ್ಕೆ ತಕ್ಕ ಹಾಗೆ ತಾನೇ ಏರಿಸೋ ಸೆಟ್ಟಿಂಗೂ ಇದೆ, ಹುಡುಕಿ ನೋಡಿ.

ನಿಲ್ಸಿದಾಗ ಅದ್ಭುತ ಅನ್ನಿಸೋಕೆ ಇನ್ನೊಂದು ಕಾರಣ. ಕಾರಿನ ಒಳಗಿನ ಜಾಗ ಎಷ್ಟು ಚಿಕ್ಕದು ಅಂದ್ರೆ 60, 70 ಹರ್ಟ್ಸಿಗಿಂತ ಕೆಳಗೆ ಅಲೆ ಅದರೊಳಗೆ ಹಿಡಿಸೋದೇ ಇಲ್ಲ, ಸ್ಪೀಕರ್ ಒಳಗಿನ ಗಾಳೀನ ಒಟ್ಟಿಗೇ ಒತ್ತತ್ತೆ, ಆಗ ಬೇಸ್ ತಾನಾಗೇ ಏರತ್ತೆ, ಸಣ್ಣ ವೂಫರಿಂದ ಮನೇಲಿ ಕನಸಲ್ಲೂ ಬರದಷ್ಟು ಆಳದ ಬೇಸ್ ಕಾರಲ್ಲಿ ಬರತ್ತೆ. ಕಷ್ಟ ಇರೋದು ಕೂರೋ ಜಾಗದ್ದು. ಓಡಿಸೋರು ಒಂದು ಪಕ್ಕ ಕೂತಿರ್ತಾರೆ, ಒಂದು ಸ್ಪೀಕರ್ ಮಗ್ಗುಲಲ್ಲಿ ಇನ್ನೊಂದು ದೂರ, 1 ಮೀಟರ್ ವ್ಯತ್ಯಾಸ ಅಂದ್ರೆ ಸುಮಾರು 3 ಮಿಲಿಸೆಕೆಂಡ್ ತಡ, ಅಷ್ಟಕ್ಕೇ ಹಾಡೋರು ಹತ್ರದ ಬಾಗಿಲಿಗೆ ಅಂಟಿಕೊಂಡ ಹಾಗೆ ಕೇಳತ್ತೆ. ಟೈಮ್ ಅಲೈನ್‌ಮೆಂಟ್ ಅಥವಾ ಡ್ರೈವರ್ ಸೀಟ್ ಅನ್ನೋ ಸೆಟ್ಟಿಂಗ್ ಇದ್ರೆ ಹಾಕಿ, ಹಾಡೋರು ಡ್ಯಾಶ್‌ಬೋರ್ಡ್ ಮಧ್ಯಕ್ಕೆ ಬಂದು ನಿಲ್ತಾರೆ. ಮನೇಲಿ ರೂಮು ಸಿಗದವರು ನಿಂತ ಕಾರಲ್ಲಿ ಕೂತು ಹಾಡು ಕೇಳೋದು ತುಂಬಾ ಒಳ್ಳೆ ಅಭ್ಯಾಸ ಅಂತ ನಾನು ಮನಸಾರೆ ಹೇಳ್ತೀನಿ. ಸ್ಟೀರಿಯೋ ಎಳಿಯೋದು ಕೆಲವು ಹತ್ತು ವ್ಯಾಟ್, ದೊಡ್ಡ ಬ್ಯಾಟರಿಗೆ ಅದು ಗೊತ್ತೇ ಆಗಲ್ಲ. ಆದ್ರೆ ಕಾರು ಪೂರ್ತಿ ಆನ್ ಇರ್ಲಿ, ಇಲ್ಲಾಂದ್ರೆ ಮುಂದಿನ ಪ್ರಶ್ನೆ ಬರೆದವರ ಹಾಗೆ ಆಗತ್ತೆ.

ಪ್ರಶ್ನೆ: ಕಾರಲ್ಲಿ 70 ಪರ್ಸೆಂಟ್ ಚಾರ್ಜ್ ಇತ್ತು, ಬೆಳಗ್ಗೆ ಬಾಗಿಲೇ ತೆಗೀಲಿಲ್ಲ, ಏನೂ ಆನ್ ಆಗ್ಲಿಲ್ಲ. ಇದೆಂಥಾ ಸರ್?

ಉತ್ತರ: 12 ವೋಲ್ಟ್ ಬ್ಯಾಟರಿ ಖಾಲಿ ಆಗಿದೆ. ಎಲೆಕ್ಟ್ರಿಕ್ ಕಾರಲ್ಲೂ ಪೆಟ್ರೋಲ್ ಕಾರಿನ ಹಾಗೆ ಚಿಕ್ಕ ಬ್ಯಾಟರಿ ಒಂದಿರತ್ತೆ, ಬಾಗಿಲು, ಲೈಟು, ಕಂಪ್ಯೂಟರ್ ಎಲ್ಲ ಅದರ ಮೇಲೆ. ದೊಡ್ಡ ಬ್ಯಾಟರೀನ ಕಾರಿಗೆ ಸೇರಿಸೋ ದಪ್ಪ ಸ್ವಿಚ್ ಮುಚ್ಚಬೇಕಂದ್ರೂ ಆ 12 ವೋಲ್ಟೇ ಬೇಕು, ಅದು ಸತ್ರೆ ದೊಡ್ಡದು ತುಂಬಿದ್ದೂ ಉಪಯೋಗಕ್ಕೆ ಬರಲ್ಲ. ಕೀ ಒಳಗೆ ಅಡಗಿರೋ ಲೋಹದ ಕೀಲಿಯಿಂದ ಬಾಗಿಲು ತೆಗೀರಿ, ಪುಸ್ತಕದಲ್ಲಿ ತೋರಿಸಿರೋ ಜಾಗಕ್ಕೆ ಹೊರಗಿಂದ 12 ವೋಲ್ಟ್ ಕೊಟ್ರೆ ಕಾರು ಎದ್ದೇಳತ್ತೆ, ಎದ್ದ ಮೇಲೆ ದೊಡ್ಡ ಬ್ಯಾಟರಿ ಅದನ್ನ ತಾನೇ ಚಾರ್ಜ್ ಮಾಡತ್ತೆ. ಒಂದ್ಸಲ ಹಿಂಗಾದ್ರೆ ಆ ಚಿಕ್ಕ ಬ್ಯಾಟರೀನ ಟೆಸ್ಟ್ ಮಾಡ್ಸಿ, ಮೂರು ನಾಲ್ಕು ವರ್ಷ ಆಗಿದ್ರೆ ಬದಲಾಯಿಸಿಬಿಡೋದೇ ನೆಮ್ಮದಿ. ನಿಮ್ಮ ಕಾರಿಂದ ಬೇರೆಯವರ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡ್ಸೋಕೆ ಮಾತ್ರ ಹೋಗ್ಬೇಡಿ, ಬಹಳಷ್ಟು ಕಂಪನಿಗಳು ಅದು ಬೇಡ ಅಂತಾನೇ ಬರೆದಿರ್ತಾರೆ.

ಪ್ರಶ್ನೆ: ನಿಮ್ಮ ಫೇವರಿಟ್ ಸ್ಪೀಕರ್ ಯಾವುದು, ಫೇವರಿಟ್ ಕಾರ್ ಯಾವುದು? ತಪ್ಪಿಸ್ಕೊಳದೆ ಹೇಳಿ.

ಉತ್ತರ: ಸ್ಪೀಕರ್ ಅಂದ್ರೆ ಎಲ್‌ಎಸ್ 3/5ಎ, ಎರಡನೇ ಯೋಚನೆ ಇಲ್ಲ. 1970ರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ಇದನ್ನ ಮಾಡಿದ್ದು ಹೊರಾಂಗಣ ಪ್ರಸಾರದ ವ್ಯಾನುಗಳಿಗೆ, ಅಂದ್ರೆ ಗಾಡಿಯೊಳಗೆ ಕೂತು ಹಾಡೋರ ದನಿ ಸರಿ ಇದ್ಯಾ ಅಂತ ಕೇಳೋಕೆ. ಒಂದು ಅಡಿ ಎತ್ತರದ ಮರದ ಡಬ್ಬ, ಒಳಗೆ ಕೆಇಎಫ್ ಕಂಪನಿಯ ಎರಡು ಡ್ರೈವರ್ (ಸ್ಪೀಕರ್ ಒಳಗೆ ಸದ್ದು ಹುಟ್ಟಿಸೋ ಭಾಗ), ಟ್ವೀಟರ್ ಸುತ್ತ ದಪ್ಪ ಉಣ್ಣೆ ಬಟ್ಟೆಯ ಪಟ್ಟಿ, ಪೂರ್ತಿ ಮುಚ್ಚಿದ ಪೆಟ್ಟಿಗೆ. 83 ಡಿಬಿ ಕೂಡ ಕಷ್ಟಪಟ್ಟು ಬರತ್ತೆ, ಆಳದ ಬೇಸ್ ಇಲ್ಲವೇ ಇಲ್ಲ, ಜೋರಾಗಿ ಹಾಕಿದ್ರೆ ಸುಸ್ತಾಗತ್ತೆ. ಆದ್ರೆ ಮನುಷ್ಯರ ದನಿ ಅದರಲ್ಲಿ ಕೇಳೋ ತರ! ಹಾಡೋಕೆ ಮುಂಚೆ ಉಸಿರು ಎಳ್ಕೊಳೋದು, ತುಟಿ ತೆರೆಯೋದು, ಆಮೇಲೆ ಸ್ವರ, ಮೂರೂ ಬೇರೆ ಬೇರೆಯಾಗಿ ಎದುರಿಗೇ ನಡೆದ ಹಾಗಿರತ್ತೆ. ಚಿಕ್ಕ ರೂಮಲ್ಲಿ ಇಷ್ಟು ಸಾಕು ಅನ್ನೋರಿಗೆ ಇದರ ಹೊಸ ರೂಪಗಳು ಇವತ್ತೂ ತಯಾರಾಗ್ತಾ ಇವೆ. ಕೆಇಎಫ್ 2012ರಲ್ಲಿ ತಂದ ಎಲ್‌ಎಸ್50 ಇದೇ ಮನೆತನದ್ದು, ಅದರಲ್ಲಿ ಟ್ವೀಟರ್ ದೊಡ್ಡ ಡ್ರೈವರಿನ ಮಧ್ಯದಲ್ಲೇ ಕೂತಿರತ್ತೆ, ಹಾಗಾಗಿ ಸ್ವಲ್ಪ ಪಕ್ಕಕ್ಕೆ ಕೂತೋರಿಗೂ ಸೌಂಡ್ ಹೆಚ್ಚು ಬದಲಾಗಲ್ಲ.

ಕಾರಲ್ಲಿ ನನ್ನ ಮನಸು ಬಿಎಂಡಬ್ಲ್ಯು ಐ3 ಮೇಲೆ. 2013ರಲ್ಲಿ ಬಂದು 2022ಕ್ಕೆ ನಿಂತುಹೋಯ್ತು. ಜನ ಕೂರೋ ಗೂಡನ್ನ ಕಾರ್ಬನ್ ಫೈಬರಲ್ಲಿ ಮಾಡಿದ್ರು, ಅದಕ್ಕೇ ಮೊದಲ ಮಾಡೆಲ್ 1,200 ಕೆಜಿ ಆಸುಪಾಸಲ್ಲೇ ನಿಂತಿತು, ಸೈಕಲ್ ಚಕ್ರದ ತರ ಎತ್ತರದ ಸಣಕಲು ಟೈರು, ಇಕ್ಕಟ್ಟಾದ ರಸ್ತೇಲಿ ಒಂದೇ ಏಟಿಗೆ ತಿರುಗತ್ತೆ. ಆ ಮೊದಲ ಮಾಡೆಲ್ಲಿನ ಬ್ಯಾಟರಿ 22 ಯೂನಿಟ್ಟಿಂದು ಅಷ್ಟೆ. ದಿನಾ ಓಡಿಸೋ ಕಾರು ಹಗುರ ಇರ್ಬೇಕು, ಕಮ್ಮಿ ತಿನ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಈಗ ಎರಡು ಟನ್ನಿನ ಮೇಲೆ ತೂಗೋ ಕಾರಲ್ಲಿ ಒಬ್ಬರೇ ಕೂತು ಹತ್ತು ಕಿಲೋಮೀಟರ್ ಹೋಗೋದು ನೋಡಿದ್ರೆ ಬೇಜಾರಾಗತ್ತೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡಲ್ಲಿ ಹಳೇ ಸ್ಪೀಕರ್ ನೋಡ್ತಾ ಇದೀನಿ, ನಮ್ಮ ಅಣ್ಣ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರ್ ನೋಡ್ತಾ ಇದಾನೆ. ಇಬ್ಬರಿಗೂ ಏನಾದ್ರೂ ಹೇಳಿ.

ಉತ್ತರ: ನಿಮಗೆ ಮೊದಲು. ಜಾಲರಿ ತೆಗೆಸಿ ಕೋನಿನ (ಅಲುಗಾಡಿ ಸದ್ದು ಮಾಡೋ ದುಂಡನೆ ಹಾಳೆ) ಸುತ್ತ ಇರೋ ಉಂಗುರ ನೋಡಿ. ಫೋಮಿಂದಾಗಿದ್ರೆ ಮೆಲ್ಲಗೆ ಬೆರಳು ಮುಟ್ಟಿಸಿ, ಪುಡಿಯಾಗಿ ಕಪ್ಪಗೆ ಬೆರಳಿಗೆ ಅಂಟಿದ್ರೆ ಅದರ ಆಯಸ್ಸು ಮುಗಿದಿದೆ. ಅದನ್ನ ಬದಲಾಯಿಸ್ಬೋದು, ಕೆಲಸ ಗೊತ್ತಿರೋರು ಚೆನ್ನಾಗಿ ಮಾಡ್ತಾರೆ, ಆದ್ರೆ ಆ ಖರ್ಚು ಇಳಿಸಿ ಚೌಕಾಸಿ ಮಾಡಿ. ರಬ್ಬರ್ ಉಂಗುರ ಬಹಳ ವರ್ಷ ಬರತ್ತೆ. ಆಮೇಲೆ ಕೋನನ್ನ ಎರಡೂ ಪಕ್ಕ ಬೆರಳಿಟ್ಟು ಸಮವಾಗಿ ಸ್ವಲ್ಪವೇ ಒಳಗೆ ಒತ್ತಿ, ಕರಕರ ಅಂತ ಉಜ್ಜೋ ಸದ್ದು ಬಂದ್ರೆ ಕಾಯಿಲ್ ಕೆಟ್ಟಿದೆ, ಬಿಟ್ಟುಬಿಡಿ. ಎರಡೂ ಟ್ವೀಟರಿನ ಹತ್ರ ಕಿವಿ ಇಟ್ಟು ಎರಡೂ ಒಂದೇ ಸಮ ಹಾಡ್ತಾ ಇವೆಯಾ ಕೇಳಿ.

ಅಣ್ಣನಿಗೆ ಹೇಳಿ, ಓಡಿದ ಕಿಲೋಮೀಟರಿಗಿಂತ ಬ್ಯಾಟರಿ ಆರೋಗ್ಯದ ಪರ್ಸೆಂಟ್ ಕೇಳ್ಲಿ, ಕಾರಿನ ಕಂಪ್ಯೂಟರಿಗೆ ಚುಚ್ಚಿ ಮಾಹಿತಿ ಓದೋ ಓಬಿಡಿ ಸಾಧನ ಹಾಕಿ ಓದಿಸ್ಲಿ. ಬ್ಯಾಟರಿಗೆ ದ್ರವದ ಕೂಲಿಂಗ್ ಇದ್ಯಾ ಅನ್ನೋದು ದೊಡ್ಡ ವಿಷಯ. 2010ರಲ್ಲಿ ಬಂದ ನಿಸಾನ್ ಲೀಫ್ ಎಲೆಕ್ಟ್ರಿಕ್ ಕಾರನ್ನ ಜನಸಾಮಾನ್ಯರ ಮನೆಗೆ ತಂದ ಕಾರು, ಆದ್ರೆ ಅದರಲ್ಲಿ ದ್ರವದ ಕೂಲಿಂಗ್ ಇರ್ಲಿಲ್ಲ, ಅಮೆರಿಕದ ಅರಿಜೋನಾದಂಥ ಸುಡೋ ಬಿಸಿಲಿನ ಜಾಗಗಳಲ್ಲಿ ಮೊದಲ ಬ್ಯಾಟರಿಗಳು ಬೇಗ ಕುಗ್ಗಿದ್ವು. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇರತ್ತೆ, ಎಷ್ಟು ಉಳಿದಿದೆ, ಹೊಸ ಓನರಿಗೆ ಬರತ್ತಾ ಅಂತ ಕಾಗದದಲ್ಲಿ ನೋಡ್ಲಿ. ನೋಡೋಕೆ ಹೋದ ದಿನಾನೇ ನಿಧಾನದ ಚಾರ್ಜರ್, ಫಾಸ್ಟ್ ಚಾರ್ಜರ್ ಎರಡಕ್ಕೂ ಹಾಕಿ ನೋಡ್ಲಿ. ಮಾರೋರು ಅವಸರ ಮಾಡಿದ್ರೆ ವಾಪಸ್ ಬರ್ಲಿ.

ಪ್ರಶ್ನೆ: ಸ್ಪೀಕರ್ ವೈರ್ ದುಬಾರಿದು ಬೇಕಾ?

ಉತ್ತರ: ಬೇಡ. 2.5 ಚದರ ಮಿಲಿಮೀಟರ್ ತಾಮ್ರದ ವೈರ್ 5 ಮೀಟರ್ ದೂರಕ್ಕೆ ಹೋಗಿ ಬರೋದು ಸೇರಿ 0.07 ಓಮ್ ತಡೆ ಕೊಡತ್ತೆ, 8 ಓಮ್ ಸ್ಪೀಕರಿಗೆ ಅದು ಶೇಕಡ 1ಕ್ಕಿಂತ ಕಮ್ಮಿ. ತುದಿ ಚೆನ್ನಾಗಿ ಸುಲಿದು ಬಿಗಿಯಾಗಿ ಹಾಕಿ, ಪ್ಲಸ್ ಮೈನಸ್ ಎರಡೂ ಸ್ಪೀಕರಲ್ಲಿ ಒಂದೇ ತರ ಇರ್ಲಿ, ಒಂದು ಉಲ್ಟಾ ಆದ್ರೆ ಬೇಸ್ ಮಾಯ.

ಪ್ರಶ್ನೆ: ನಮ್ಮ ಕಾರಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡ್ಬೋದು, 3.6 ಕಿಲೋವ್ಯಾಟ್ ಅಂತ ಇದೆ. ಕರೆಂಟ್ ಹೋದಾಗ ಆಂಪ್ಲಿಫೈಯರ್, ಟರ್ನ್‌ಟೇಬಲ್ ಎಲ್ಲಾ ಅದರಿಂದ ಓಡಿಸ್ಬೋದಾ? ಹಾಳಾಗಲ್ವಾ?

ಉತ್ತರ: ಓಡಿಸ್ಬೋದು, ಹಾಳಾಗಲ್ಲ. ಈ ಕಾರುಗಳು ಕೊಡೋದು ಸರಿಯಾದ ಸೈನ್ ಅಲೆಯ ಕರೆಂಟು, ಆಡಿಯೋ ಸಾಮಾನಿಗೆ ಬೇಕಾಗಿರೋದೂ ಅದೇ. ಆಂಪ್ಲಿಫೈಯರ್, ಟರ್ನ್‌ಟೇಬಲ್ ಎರಡೂ ಸೇರಿ ಮಾಮೂಲು ವಾಲ್ಯೂಮಲ್ಲಿ 50, 60 ವ್ಯಾಟ್ ತಿನ್ನತ್ತೆ ಅಂದ್ಕೊಳಿ, ಅದಕ್ಕಿಂತ ಜಾಸ್ತಿ ಕಾರೇ ಎಚ್ಚರ ಇರೋಕೆ ತಿನ್ನತ್ತೆ. ಆದ್ರೂ 60 ಯೂನಿಟ್ ಬ್ಯಾಟರಿಗೆ ಒಂದು ಸಂಜೆ ಹಾಡು ಕೇಳೋದು ಏನೇನೂ ಅಲ್ಲ. ಎಲ್ಲಾ ಪ್ಲಗ್ಗನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಒಂದು ಕಾರಿಂದ ಒಂದು ಗೋಡೆಯಿಂದ ಅಂತ ಬೆರೆಸಿದ್ರೆ ಹಮ್ ಬರೋ ಸಾಧ್ಯತೆ ಇದೆ.

ಒಂದು ಮಾತ್ರ ಯಾವತ್ತೂ ಮಾಡ್ಬೇಡಿ. ಎರಡೂ ಕಡೆ ಪಿನ್ ಇರೋ ವೈರ್ ಕಟ್ಟಿ ಕಾರಿನ ಕರೆಂಟನ್ನ ಮನೆ ಗೋಡೆ ಸಾಕೆಟಿಗೆ ತಿರುಗಿ ಕೊಡೋದು ಬೇಡ್ವೇ ಬೇಡ, ಅದು ಹೊರಗಿನ ಲೈನಿಗೆ ಹೋಗಿ ಕಂಬದ ಮೇಲೆ ಕರೆಂಟ್ ಇಲ್ಲ ಅಂತ ನಂಬಿ ಕೆಲಸ ಮಾಡ್ತಾ ಇರೋ ಲೈನ್‌ಮನ್ ಜೀವಕ್ಕೆ ಕುತ್ತು. ಸಾಮಾನನ್ನ ನೇರವಾಗಿ ಕಾರಿಂದ ಬಂದ ಬೋರ್ಡಿಗೇ ಹಾಕಿ, ಉದ್ದ ವೈರ್ ಸುರುಳಿ ಇದ್ರೆ ಪೂರ್ತಿ ಬಿಚ್ಚಿ ಹಾಸಿ, ಮಳೆ ಬರೋ ಹಾಗಿದ್ರೆ ಬೋರ್ಡನ್ನ ಮನೆ ಒಳಗೇ ಇಟ್ಕೊಳಿ.